ಕೈ ಬೀಸಿದರೆ ಕತ್ತಿಯಾದೀತೇ?



ಈ ಸಲದ ಮಾತು ವಿಡಿಯೋ ಗೇಮಿನದು. 'ಅದು ಮಕ್ಕಳ ವಿಷಯ, ನಮಗಲ್ಲ' ಎಂದು ಹಾಳೆ ಮಗುಚಿಬಿಡಬೇಡಿ. ಮನೆಯಲ್ಲಿ ಆಡುವವರು ಮಕ್ಕಳಾದರೂ ಕೊಡಿಸುವವರು ನೀವೇ ತಾನೆ? ಕನ್ನಡ ಕಾರ್ಯಕ್ರಮಕ್ಕೆ ಫೋನು ಮಾಡುವ ಅಪ್ಪ ಅಮ್ಮಂದಿರ ಬಾಯಲ್ಲಿ ಒಂದು ಪ್ರಶ್ನೆ ಆಗಾಗ ಬರುತ್ತಿರುತ್ತದೆ. ಗುಂಡಿ ಒತ್ತಿ ಆಡುವ ಆಟ ಒಳ್ಳೆಯದೋ, ಕೈ ಬೀಸಿ ಆಡುವ ಆಟ ಒಳ್ಳೆಯದೋ? ಫ್ಲ್ಯಾಟಿನ ನಾಲ್ಕು ಗೋಡೆಗಳ ನಡುವೆ ಬೆಳೆಯುವ ಮಕ್ಕಳ ಕೈಕಾಲು ಅಷ್ಟಾದರೂ ಆಡಲಿ ಎಂಬ ಆಸೆ ಆ ಪ್ರಶ್ನೆಯ ಹಿಂದೆ ಇರುತ್ತದೆ.

ಟೆನಿಸ್, ಬೌಲಿಂಗ್‌ನಂಥ ಆಟಗಳಾದರೆ ಉತ್ತರ ಸುಲಭ. ಅಲ್ಲಿ ಕೈ ಬೀಸುವುದೇ ಆಟ. ಆದರೆ ಕಥೆಯಿರುವ, ಒಗಟುಗಳಿರುವ, ಗುಹೆ ಗೋಪುರಗಳಲ್ಲಿ ಗಂಟೆಗಟ್ಟಲೆ ಅಲೆದಾಡಿಸುವ ಸಾಹಸದ ಆಟಗಳಿವೆಯಲ್ಲ, ಅವುಗಳಿಗೆ ಕೈಯ ಚಲನೆ ಸೇರಿಸಿದರೆ ರುಚಿ ಹೆಚ್ಚುತ್ತದೆಯೋ, ಕೆಡುತ್ತದೆಯೋ? ಇವತ್ತು ಅಷ್ಟನ್ನೇ ಮಾತಾಡೋಣ.

ಸಾಹಸದ ಆಟ ಹುಟ್ಟಿದ್ದು ಚಿತ್ರದಿಂದಲ್ಲ, ಮಾತಿನಿಂದ. 1970ರ ದಶಕದ ನಡುವಿನಲ್ಲಿ ಅಮೆರಿಕದ ವಿಲ್ ಕ್ರೌಥರ್ ಎಂಬ ಪ್ರೋಗ್ರಾಮರ್, ಕೆಂಟಕಿ ರಾಜ್ಯದ ಮ್ಯಾಮತ್ ಗುಹೆಗಳಲ್ಲಿ ತಾನು ಸುತ್ತಾಡಿದ ಅನುಭವವನ್ನು ಕಂಪ್ಯೂಟರಿಗೆ ಇಳಿಸಿದ. ಅದೇ 'ಕೊಲೊಸಲ್ ಕೇವ್ ಅಡ್ವೆಂಚರ್'. 1977ರಲ್ಲಿ ಡಾನ್ ವುಡ್ಸ್ ಎಂಬಾತ ಅದನ್ನು ಇನ್ನಷ್ಟು ಹಿಗ್ಗಿಸಿದ. ಚಿತ್ರವೇ ಇಲ್ಲ. ಪರದೆಯ ಮೇಲೆ ಒಂದಷ್ಟು ವಾಕ್ಯ ಮೂಡುತ್ತದೆ. ಆಡುವವರು ಒಂದೆರಡು ಪದ ಟೈಪ್ ಮಾಡಬೇಕು. 'ಉತ್ತರಕ್ಕೆ ಹೋಗು', 'ದೀಪ ತಗೋ' ಎಂಬಂಥ ಪುಟ್ಟ ಆಜ್ಞೆಗಳು. ಯಾವ ಜಾಗದಲ್ಲಿ ಯಾವ ಕ್ರಿಯಾಪದ ಎಂದು ಹುಡುಕುವುದೇ ಆಟದ ಜೀವ.

1987ಕ್ಕೆ ಬನ್ನಿ. ಲ್ಯೂಕಾಸ್‌ಫಿಲ್ಮ್ ಗೇಮ್ಸ್‌ನವರ 'ಮೇನಿಯಾಕ್ ಮ್ಯಾನ್ಷನ್' ಬಂತು. ತೆರೆ, ಮುಚ್ಚು, ತಳ್ಳು, ಎಳೆ, ಕೊಡು ಎಂದೆಲ್ಲ 15 ಆಜ್ಞೆಗಳು ಪರದೆಯ ಕೆಳಗೆ ಸಾಲಾಗಿ ನಿಂತವು. ಟೈಪ್ ಮಾಡುವ ಕೆಲಸ ತಪ್ಪಿತು, ಆರಿಸಿಕೊಂಡರೆ ಸಾಕು. 1993ರ 'ಮಿಸ್ಟ್' ಆಟದ ಹೊತ್ತಿಗೆ ಆ ಪಟ್ಟಿಯೂ ಹೋಯಿತು. ಮೌಸ್ ಹಿಡಿದು ಕ್ಲಿಕ್ಕಿಸಿ, ಬಾಗಿಲಾದರೆ ತೆರೆಯುತ್ತದೆ, ಪುಸ್ತಕವಾದರೆ ಬಿಚ್ಚುತ್ತದೆ. ಆಡುವುದು ಹಗುರವಾಯಿತು, ಸರಿ. ಆದರೆ 'ಇಲ್ಲಿ ನಾನೇನು ಮಾಡಲಿ?' ಎಂಬ ಪ್ರಶ್ನೆ ಹಿಂದೆ ಸರಿದು, 'ಎಲ್ಲಿ ಒತ್ತಲಿ?' ಎಂಬ ಪ್ರಶ್ನೆ ಮುಂದೆ ಬಂತು.

ನಾನು ಓದಿದ್ದು ಕನ್ನಡ ಬಿ.ಎ. ವ್ಯಾಕರಣ ಬಿಟ್ಟರೂ ಅದು ನನ್ನನ್ನು ಬಿಟ್ಟಿಲ್ಲ. ಹಾಗಾಗಿ ಇದನ್ನು ವ್ಯಾಕರಣದ ಕಣ್ಣಿನಿಂದಲೇ ನೋಡುತ್ತೇನೆ. 'ಕಡಿ' ಎನ್ನುವುದು ಕ್ರಿಯಾಪದ. 'ಎಡಗಡೆಯಿಂದ, ಓರೆಯಾಗಿ, ಮೆಲ್ಲಗೆ ಕಡಿ' ಎಂದರೆ ಅದಕ್ಕೆ ಕ್ರಿಯಾವಿಶೇಷಣ ಸೇರಿತು. ಗುಂಡಿಗೆ ಕ್ರಿಯಾಪದ ಚೆನ್ನಾಗಿ ಗೊತ್ತು. ಒತ್ತಿದರೆ ಕಡಿಯುತ್ತದೆ, ಬಿಟ್ಟರೆ ಇಲ್ಲ. ಎಷ್ಟು, ಹೇಗೆ, ಯಾವ ಕಡೆಯಿಂದ ಎಂಬುದನ್ನು ಹೇಳಲು ಮಾತ್ರ ಅದು ತಡವರಿಸುತ್ತದೆ. ನಮ್ಮ ಸ್ಟುಡಿಯೋದಲ್ಲೂ ಹೀಗೇ. ಧ್ವನಿ ನಿಲ್ಲಿಸಲು ಒಂದು ಗುಂಡಿ ಸಾಕು. ಹಾಡನ್ನು ಮೆಲ್ಲಗೆ ಇಳಿಸಿ, ಅದರ ಕೊನೆಯ ಗುಂಗಿನ ಮೇಲೆ ಮಾತು ಶುರುಮಾಡಬೇಕಾದರೆ ಬೆರಳಿನಡಿ ಜಾರುವ ಫೇಡರ್ ಬೇಕೇ ಬೇಕು. 'ಹೇಗೆ' ಎನ್ನುವುದು ಮುಖ್ಯವಾದ ಕಡೆ ಕೈಗೆ ಕೆಲಸವಿದೆ.

ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಜಪಾನಿನ ಕ್ಯೋಟೋ ನಗರಕ್ಕೆ ಹೋಗೋಣ. ಅಲ್ಲಿನ ನಿಂಟೆಂಡೊ ಕಂಪನಿ 2006ರ ನವೆಂಬರಿನಲ್ಲಿ 'ವೀ' ಎಂಬ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಟಿ.ವಿ. ರಿಮೋಟಿನಂತೆ ಒಂದೇ ಕೈಯಲ್ಲಿ ಹಿಡಿದು ಬೀಸುವ ಸಾಧನ ಅದರ ವಿಶೇಷ. ಮುಂದೆ ಆ ಯಂತ್ರ 10 ಕೋಟಿಗೂ ಹೆಚ್ಚು ಮಾರಾಟವಾಯಿತು. ಜನ ಎಷ್ಟು ಹುರುಪಿನಿಂದ ಬೀಸಿದರೆಂದರೆ, ರಿಮೋಟ್ ಕೈಜಾರಿ ಹಾರಿಹೋಗತೊಡಗಿತು. ಅದನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳುವ ದಾರ ತುಂಡಾಗುತ್ತಿದೆಯೆಂದು ಅದೇ ಡಿಸೆಂಬರಿನಲ್ಲಿ ಕಂಪನಿ ಸುಮಾರು 32 ಲಕ್ಷ ದಾರಗಳನ್ನು ಬದಲಿಸಿಕೊಡಲು ಮುಂದಾಗಬೇಕಾಯಿತು!

ಆ ರಿಮೋಟಿನೊಳಗೆ ಏನಿತ್ತು? ಒಂದು, ವೇಗದ ಏರಿಳಿತವನ್ನೂ ವಾಲುವಿಕೆಯನ್ನೂ ಗುರುತಿಸುವ ಆಕ್ಸೆಲೆರೋಮೀಟರ್. ಎರಡು, ತುದಿಯಲ್ಲೊಂದು ಪುಟ್ಟ ಇನ್‌ಫ್ರಾರೆಡ್ ಕ್ಯಾಮೆರಾ. ಟಿ.ವಿ.ಯ ಬಳಿ ಇಡುವ ಪಟ್ಟಿಗೆ 'ಸೆನ್ಸರ್ ಬಾರ್' ಎಂದು ಹೆಸರು. ನಿಜಕ್ಕೂ ಅದು ಏನನ್ನೂ ಗ್ರಹಿಸುವುದಿಲ್ಲ, ಎರಡು ತುದಿಗಳಲ್ಲಿ ಕಣ್ಣಿಗೆ ಕಾಣದ ಬೆಳಕು ಚೆಲ್ಲುತ್ತದೆ ಅಷ್ಟೆ. ಆ ಎರಡು ಬೆಳಕನ್ನು ರಿಮೋಟೇ ನೋಡಿ ತಾನು ಎತ್ತ ಮುಖ ಮಾಡಿದ್ದೇನೆಂದು ಲೆಕ್ಕ ಹಾಕುತ್ತದೆ. ಅದಕ್ಕೇ ಆ ಪಟ್ಟಿಯ ಜಾಗದಲ್ಲಿ ಎರಡು ಮೇಣದ ಬತ್ತಿ ಹಚ್ಚಿಟ್ಟರೂ ಆಟ ನಡೆಯುತ್ತಿತ್ತು.

ವೀ ಜೊತೆಗೇ ಬಂದ ದೊಡ್ಡ ಸಾಹಸದ ಆಟ 'ದಿ ಲೆಜೆಂಡ್ ಆಫ್ ಜೆಲ್ಡಾ: ಟ್ವೈಲೈಟ್ ಪ್ರಿನ್ಸೆಸ್'. ಕುದುರೆ, ಕತ್ತಿ, ಗುಹೆ, ರಾಜಕುಮಾರಿ ಎಲ್ಲ ಇರುವ ಕಥೆ. ಮೊದಲು ಅದನ್ನು ಕಟ್ಟಿದ್ದು ಕಂಪನಿಯ ಹಳೆಯ ಯಂತ್ರವಾದ ಗೇಮ್‌ಕ್ಯೂಬ್‌ಗಾಗಿ, ಗುಂಡಿಗಳನ್ನು ನೆಚ್ಚಿಕೊಂಡು. ಕಥಾನಾಯಕ ಲಿಂಕ್ ಎಡಚ. ಆದರೆ ರಿಮೋಟ್ ಬೀಸುವ ಹೆಚ್ಚಿನವರು ಬಲಗೈಯವರು. ಏನು ಮಾಡಿದರು ಗೊತ್ತೇ? ವೀ ಆವೃತ್ತಿಯಲ್ಲಿ ಇಡೀ ಲೋಕವನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಬಿಟ್ಟರು! ಲಿಂಕ್ ಬಲಗೈಯವನಾದ. ಪಶ್ಚಿಮದಲ್ಲಿದ್ದ ಮರುಭೂಮಿ ಪೂರ್ವಕ್ಕೆ ಹೋಯಿತು.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? ರಿಮೋಟನ್ನು ಹೇಗೆ ಅಲುಗಿಸಿದರೂ ಲಿಂಕ್ ಕತ್ತಿ ಬೀಸುತ್ತಿದ್ದ. ಎಡದಿಂದ ಬೀಸಿ, ಬಲದಿಂದ ಬೀಸಿ, ಸುಮ್ಮನೆ ಮಣಿಕಟ್ಟು ಕೊಡವಿ, ಹೆಚ್ಚಿನ ವ್ಯತ್ಯಾಸವಿಲ್ಲ. ಅಂದರೆ ಇಲ್ಲಿ ಕೈಯೂ ಒಂದು ಗುಂಡಿಯೇ, ಸ್ವಲ್ಪ ದೊಡ್ಡ ಗುಂಡಿ. ಕ್ರಿಯಾಪದ ಮಾತ್ರ ಇತ್ತು, ವಿಶೇಷಣ ಇರಲಿಲ್ಲ. ಮೊದಲ ಅರ್ಧ ಗಂಟೆ ರೋಮಾಂಚನ, ಮೂವತ್ತನೆಯ ಗಂಟೆಗೆ ಮಣಿಕಟ್ಟಿನ ನೋವು. 2016ರಲ್ಲಿ ಇದೇ ಆಟವನ್ನು ವೀ ಯೂ ಯಂತ್ರಕ್ಕೆ ಮತ್ತೆ ತಂದಾಗ ಕತ್ತಿಯನ್ನು ಗುಂಡಿಗೇ ಮರಳಿಸಿದರು.

ಹಾಗೆಂದು ಎಲ್ಲವೂ ವ್ಯರ್ಥವಾಗಲಿಲ್ಲ. ಬಿಲ್ಲಿನಲ್ಲಿ ಗುರಿಯಿಡುವಾಗ ರಿಮೋಟ್ ತೋರಿದ ಕಡೆಗೆ ಬಾಣ ಹೋಗುವುದು ಗುಂಡಿಗಿಂತ ಚೆನ್ನಾಗಿಯೇ ಇತ್ತು. ಅಲ್ಲಿ 'ಯಾವ ಕಡೆಗೆ' ಎಂಬುದೇ ಪ್ರಶ್ನೆ ನೋಡಿ. ಇನ್ನೊಂದು ಸಂಗತಿ ರೇಡಿಯೋದವಳಾದ ನನಗೆ ತುಂಬ ಹಿಡಿಸಿತು. ಆ ರಿಮೋಟಿನೊಳಗೆ ಒಂದು ಪುಟ್ಟ ಸ್ಪೀಕರ್ ಇತ್ತು. ಬಿಲ್ಲಿನ ಹೆದೆ ಎಳೆಯುವ ಸದ್ದು ನಿಮ್ಮ ಕೈಯಲ್ಲೇ ಕೇಳುತ್ತಿತ್ತು, ಬಾಣ ನಾಟುವ ಸದ್ದು ಟಿ.ವಿ.ಯಿಂದ ಬರುತ್ತಿತ್ತು. ನಡುವಿನ ಆ ಅರೆಕ್ಷಣದಲ್ಲಿ ಬಾಣ ನಿಮ್ಮ ಕೋಣೆಯನ್ನು ದಾಟಿ ಹೋದಂತೆ ಭಾಸವಾಗುತ್ತಿತ್ತು. ಸದ್ದು ಸರಿಯಾದ ಜಾಗದಿಂದ ಬಂದರೆ ಕಣ್ಣು ತಾನಾಗಿ ನಂಬುತ್ತದೆ. ರೇಡಿಯೋ ನಾಟಕದವರಿಗೆ ಇದು ಹಳೆಯ ಗುಟ್ಟು.

ಈಗ ಇದಕ್ಕೆ ಎದುರಾದ ಉದಾಹರಣೆ. 2007ರಲ್ಲಿ ಜಪಾನಿನದೇ ಕ್ಯಾಪ್‌ಕಾಮ್ ಕಂಪನಿ 'ಜ್ಯಾಕ್ ಅಂಡ್ ವಿಕಿ' ಎಂಬ ಆಟವನ್ನು ವೀ ಯಂತ್ರಕ್ಕೆ ತಂದಿತು. ಕಡಲ್ಗಳ್ಳನಾಗುವ ಆಸೆಯ ಒಬ್ಬ ಹುಡುಗ, ಅವನ ಜೊತೆಗೆ ಹಾರಾಡುವ ಒಂದು ಚಿನ್ನದ ಬಣ್ಣದ ಕೋತಿ. ಮೌಸ್ ಹಿಡಿದು ಕ್ಲಿಕ್ಕಿಸುವ ಹಳೆಯ ಸಾಹಸದ ಆಟಗಳ ಒಡಹುಟ್ಟು ಇದು. ಕೋತಿ ಗಂಟೆಯಾಗುತ್ತದೆ. ರಿಮೋಟ್ ಅಲ್ಲಾಡಿಸಿ ಗಂಟೆ ಬಾರಿಸಿದರೆ ಎದುರಿಗಿರುವ ಪ್ರಾಣಿ ಒಂದು ಉಪಕರಣವಾಗಿ ಮಾರ್ಪಡುತ್ತದೆ. ಶತಪದಿ ಹುಳ ಗರಗಸವಾಗುತ್ತದೆ! ಆ ಗರಗಸವನ್ನು ರಿಮೋಟಿನಿಂದ ಹಿಂದಕ್ಕೂ ಮುಂದಕ್ಕೂ ಎಳೆದು ಮರ ಕೊಯ್ಯಬೇಕು. ಕೀಲಿಯಾದರೆ ಮಣಿಕಟ್ಟು ತಿರುಗಿಸಬೇಕು.

ಇಲ್ಲಿ ಕೈ ಏನು ಮಾಡುತ್ತಿದೆ ಗಮನಿಸಿ. ಈ ವಸ್ತುವನ್ನು ಹೇಗೆ ಹಿಡಿಯಲಿ, ಹೇಗೆ ಆಡಿಸಲಿ ಎಂದು ಯೋಚಿಸುವುದೇ ಒಗಟಿನ ಒಂದು ಭಾಗ. 'ಮಿಸ್ಟ್' ಕಾಲಕ್ಕೆ ಮರೆಯಾಗಿದ್ದ ಕ್ರಿಯಾಪದ ಈಗ ತನ್ನ ವಿಶೇಷಣವನ್ನೂ ಕರೆದುಕೊಂಡು ಮರಳಿ ಬಂತು. ಮಾರಾಟವೇನೋ ಹೇಳಿಕೊಳ್ಳುವಂತೆ ಆಗಲಿಲ್ಲ, ಆ ಮಾತು ಬೇರೆ. ಆದರೆ ಚಲನೆಯಿಂದ ಹಳೆಯ ಸಾಹಸದ ಆಟ ನಿಜಕ್ಕೂ ಉತ್ತಮವಾದ ಒಂದು ನಿದರ್ಶನ ಹೇಳಿ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಹೆಸರು ಇದೇ.

ಇನ್ನು ಈ ಚರ್ಚೆಯ ನಡುಮನೆಗೆ ಬರೋಣ. 2009ರಲ್ಲಿ ನಿಂಟೆಂಡೊ 'ಮೋಷನ್ ಪ್ಲಸ್' ಎಂಬ ಪುಟ್ಟ ಜೋಡಣೆಯನ್ನು ತಂದಿತು. ಅದರೊಳಗೆ ಗೈರೋಸ್ಕೋಪ್ ಇತ್ತು. ಕೈ ಯಾವ ಕೋನದಲ್ಲಿ ತಿರುಗಿತು ಎಂಬುದು ಈಗ ಯಂತ್ರಕ್ಕೆ ತಿಳಿಯತೊಡಗಿತು. ಇದನ್ನೇ ನಂಬಿ 2011ರ ನವೆಂಬರಿನಲ್ಲಿ ಬಂದದ್ದು ಜೆಲ್ಡಾ ಸರಣಿಯ 'ಸ್ಕೈವರ್ಡ್ ಸೋರ್ಡ್'. ಇಲ್ಲಿ ನಿಮ್ಮ ಕೈ ಎತ್ತ ಬೀಸಿತೋ ಕತ್ತಿಯೂ ಅತ್ತಲೇ. ಒಂದು ಮಾಯಾಗಿಡ ಬಾಯನ್ನು ಅಡ್ಡಕ್ಕೆ ತೆರೆದರೆ ಅಡ್ಡಲಾಗಿ ಕಡಿಯಬೇಕು, ಉದ್ದಕ್ಕೆ ತೆರೆದರೆ ಉದ್ದಕ್ಕೆ. ಘಿರಾಹಿಮ್ ಎಂಬ ಖಳ ನಿಮ್ಮ ಕತ್ತಿ ಇರುವ ಕಡೆಗೇ ಕೈ ಒಡ್ಡಿ, ಅಲಗನ್ನು ಬೆರಳಲ್ಲೇ ಹಿಡಿದುಬಿಡುತ್ತಾನೆ. ಒಂದು ಕಡೆ ತೋರಿಸಿ ಥಟ್ಟನೆ ಇನ್ನೊಂದು ಕಡೆಯಿಂದ ಹೊಡೆಯಬೇಕು. ಬಾಗಿಲ ಮೇಲಿನ ಒಂದು ಕಣ್ಣು ನಿಮ್ಮ ಕತ್ತಿಯ ತುದಿಯನ್ನೇ ದಿಟ್ಟಿಸುತ್ತಿರುತ್ತದೆ. ಕತ್ತಿಯನ್ನು ಗರಗರನೆ ಸುತ್ತಿಸಿದರೆ ಕಣ್ಣಿಗೆ ತಲೆಸುತ್ತು ಬಂದು ಬಾಗಿಲು ತೆರೆಯುತ್ತದೆ. ಎಂಥ ಸೊಗಸಾದ ಒಗಟು! ಇದನ್ನು ಗುಂಡಿಯಿಂದ ಕೇಳಲು ಆಗುವುದೇ?

ಆದರೆ ಅದೇ ಆಟದಲ್ಲಿ ಈಜಲೂ ಕೈ ವಾಲಿಸಬೇಕು, ಹಕ್ಕಿಯ ಮೇಲೆ ಕುಳಿತು ಹಾರಲೂ ಕೈ ವಾಲಿಸಬೇಕು, ರೆಕ್ಕೆ ಬಡಿಸಲೂ ಕೈ ಕೊಡವಬೇಕು. ಗುರಿ ಆಗಾಗ ಓರೆಯಾಗುತ್ತಿತ್ತು, ಮತ್ತೆ ಮತ್ತೆ ನಡುವಿಗೆ ತಂದುಕೊಳ್ಳಬೇಕಿತ್ತು. ಬಲದಿಂದ ಹೊಡೆಯಲೆಂದು ಕೈಯನ್ನು ಬಲಕ್ಕೆ ಒಯ್ದರೆ ಅದನ್ನೇ ಹೊಡೆತವೆಂದು ಓದಿಬಿಡುವುದೂ ಉಂಟು. ಹಾಗಾಗಿ ಆಡಿದವರಲ್ಲಿ ಎರಡು ಪಂಗಡವಾಯಿತು. ಇದೇ ಆಟದ ಭವಿಷ್ಯ ಎಂದವರು ಒಂದು ಕಡೆ, ಇದೊಂದು ಕಾಟ ಎಂದವರು ಇನ್ನೊಂದು ಕಡೆ. ನನಗೆ ಕಾಣುವಂತೆ ಇಬ್ಬರೂ ತಮ್ಮ ತಮ್ಮ ಅರ್ಧವನ್ನು ಸರಿಯಾಗಿಯೇ ಹೇಳುತ್ತಿದ್ದರು. ಕತ್ತಿಗೆ ವಿಶೇಷಣ ಬೇಕಿತ್ತು, ಈಜಿಗೆ ಬೇಕಿರಲಿಲ್ಲ.

ಕೈಯನ್ನೇ ನಂಬಿ ಬೇರೆಲ್ಲ ಬಿಟ್ಟರೆ ಏನಾಗುತ್ತದೆಂಬುದಕ್ಕೆ ಇನ್ನೊಂದು ಕಥೆಯಿದೆ. 2010ರಲ್ಲಿ ಮೈಕ್ರೋಸಾಫ್ಟ್ ಕಂಪನಿ 'ಕಿನೆಕ್ಟ್' ಎಂಬ ಕ್ಯಾಮೆರಾ ತಂದಿತು. ಕೈಯಲ್ಲಿ ಏನೂ ಹಿಡಿಯುವುದೇ ಬೇಡ. ಅದಕ್ಕಾಗಿ 2012ರಲ್ಲಿ 'ಫೇಬಲ್: ದಿ ಜರ್ನಿ' ಎಂಬ ಸಾಹಸದ ಆಟ ಬಂತು. ಕುಳಿತಲ್ಲೇ ಗಾಳಿಯಲ್ಲಿ ಲಗಾಮು ಹಿಡಿದಂತೆ ಮಾಡಿದರೆ ಕುದುರೆಗಾಡಿ ಓಡುತ್ತದೆ. ಆದರೆ ಇಳಿದು ಮನಬಂದ ಕಡೆ ನಡೆಯುವುದು? ನಡೆಸಲು ಕೈಯಲ್ಲಿ ಕಡ್ಡಿಯೇ ಇಲ್ಲವಲ್ಲ! ಆಟವೇ ನಿಮ್ಮನ್ನು ಹಾಕಿಟ್ಟ ಹಾದಿಯಲ್ಲಿ ಕರೆದೊಯ್ಯುತ್ತದೆ. ಸಾಹಸದ ಆಟದಿಂದ ಅಲೆದಾಟವನ್ನು ತೆಗೆದರೆ ಉಳಿಯುವುದೇನು? 2017ರಲ್ಲಿ ಕಿನೆಕ್ಟ್ ತಯಾರಿಕೆಯೇ ನಿಂತುಹೋಯಿತು.

ಈಗ ಒಂದು ಪತ್ರದ ಮಾತು. ನಮ್ಮ ಕೇಳುಗ ತಾಯಿಯೊಬ್ಬರು ಬರೆದಿದ್ದರು. ಅವರ ಮಗಳಿಗೆ ಬಲಭುಜದಲ್ಲಿ ಶಕ್ತಿ ಕಡಿಮೆ, ಕೈ ಎತ್ತಿ ಬೀಸಲಾಗುವುದಿಲ್ಲ. ಬೆರಳುಗಳು ಮಾತ್ರ ಚುರುಕು, ಬುದ್ಧಿ ಇನ್ನೂ ಚುರುಕು. ದೊಡ್ಡಪ್ಪನ ಮನೆಯಲ್ಲಿ ಮಕ್ಕಳೆಲ್ಲ 'ಸ್ಕೈವರ್ಡ್ ಸೋರ್ಡ್' ಆಡುವಾಗ ಒಗಟು ಬಿಡಿಸುವವಳು ಅವಳೇ. 'ಕಣ್ಣಿಗೆ ತಲೆಸುತ್ತು ಬರಿಸು' ಎಂದು ಹೇಳಿಕೊಟ್ಟವಳೂ ಅವಳೇ. ಕತ್ತಿ ಬೀಸುವವರು ಮಾತ್ರ ಯಾವಾಗಲೂ ಬೇರೆಯವರು. 'ಆಟ ಮುಗಿದಾಗ ಎಲ್ಲರೂ ನಾನು ಗೆದ್ದೆ, ನಾನು ಗೆದ್ದೆ ಅಂದರು. ಇವಳು ಏನೂ ಅನ್ನಲಿಲ್ಲ' ಎಂದು ಆ ತಾಯಿ ಬರೆದಿದ್ದರು.

ಆ ಪತ್ರ ಓದಿದ ಮೇಲೆ ಈ ಚರ್ಚೆಯನ್ನು ಬರೀ ರುಚಿಯ ಪ್ರಶ್ನೆ ಎನ್ನಲು ನನಗೆ ಮನಸ್ಸಾಗುತ್ತಿಲ್ಲ. 2011ರ ಆವೃತ್ತಿಯಲ್ಲಿ ಗುಂಡಿಯ ದಾರಿಯೇ ಇರಲಿಲ್ಲ. ಕೈ ಬೀಸಲಾಗದವರಿಗೆ, ಮಣಿಕಟ್ಟು ನೋಯುವ ಹಿರಿಯರಿಗೆ ಬಾಗಿಲು ಹಾಕಿತ್ತು. ಬಲಗೈ ನಾಯಕನ ಕತ್ತಿಯ ಜೊತೆ ಹೆಣಗಾಡಿದ ಎಡಚರೂ ಇದ್ದರು. ಹತ್ತು ವರ್ಷದ ನಂತರ, 2021ರ ಜುಲೈನಲ್ಲಿ, ಇದೇ ಆಟ 'ಸ್ಕೈವರ್ಡ್ ಸೋರ್ಡ್ ಎಚ್‌ಡಿ' ಎಂಬ ಹೆಸರಿನಲ್ಲಿ ಸ್ವಿಚ್ ಯಂತ್ರಕ್ಕೆ ಬಂತು. ಬೇಕಾದವರು ಕೈ ಬೀಸಬಹುದು. ಬೇಡವಾದವರು ಬಲಗಡೆಯ ಪುಟ್ಟ ಕಡ್ಡಿಯನ್ನು ಹೆಬ್ಬೆರಳಿನಿಂದ ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಓರೆಗೆ ತಳ್ಳಿದರೆ ಕತ್ತಿಯೂ ಅದೇ ದಿಕ್ಕಿನಲ್ಲಿ ಬೀಸುತ್ತದೆ. ಅಡ್ಡ ಬಾಯಿಗೆ ಅಡ್ಡ ಹೊಡೆತ, ಖಳನಿಗೆ ಮೋಸದ ಹೊಡೆತ, ಎಲ್ಲ ಹಾಗೇ ಉಳಿದಿವೆ. ವಿಶೇಷಣ ಭುಜದಿಂದ ಇಳಿದು ಹೆಬ್ಬೆರಳಿಗೆ ಬಂತು, ಅಷ್ಟೆ. ಆ ತಾಯಿಗೆ ನಾನು ಇದೇ ಆವೃತ್ತಿಯ ಹೆಸರನ್ನು ಬರೆದು ಕಳಿಸಿದೆ.

'ಕಡ್ಡಿಯಿಂದ ಆಡಿದರೆ ಅದು ಕಡಿಮೆ ಆಟವಲ್ಲವೇ?' ಎನ್ನುವವರಿದ್ದಾರೆ. ಅವರಿಗೆ ತಾಳಮದ್ದಳೆಯನ್ನು ನೆನಪಿಸುತ್ತೇನೆ. ಮುಂಬೈ ಕನ್ನಡಿಗರಿಗಂತೂ ಯಕ್ಷಗಾನವೂ ಹೊಸದಲ್ಲ, ತಾಳಮದ್ದಳೆಯೂ ಹೊಸದಲ್ಲ. ಅದೇ ಪ್ರಸಂಗ, ಅದೇ ಭಾಗವತಿಕೆ. ಒಂದರಲ್ಲಿ ಕಿರೀಟ, ಗೆಜ್ಜೆ, ಕುಣಿತ. ಇನ್ನೊಂದರಲ್ಲಿ ಪಂಚೆ ಉಟ್ಟು ಕುಳಿತ ಅರ್ಥಧಾರಿಗಳು, ಬರೀ ಮಾತು. ಕರ್ಣ ಕುಳಿತೇ ಮಾತಾಡಿದ ಎಂದು ಯಾರೂ ಎದ್ದುಹೋಗುವುದಿಲ್ಲ. ಪ್ರಸಂಗ ಗಟ್ಟಿಯಿದ್ದರೆ ಎರಡು ದಾರಿಯೂ ಅಲ್ಲಿಗೇ ಮುಟ್ಟಿಸುತ್ತವೆ.

ಇತ್ತೀಚಿನ ಆಟಗಳು ಈ ಪಾಠವನ್ನು ಒಂದಷ್ಟು ಕಲಿತಿವೆ. 2017ರ 'ಬ್ರೆತ್ ಆಫ್ ದಿ ವೈಲ್ಡ್' ಆಟದಲ್ಲಿ ಕತ್ತಿ, ಓಟ, ಹತ್ತುವುದು ಎಲ್ಲ ಗುಂಡಿಗೆ. ಬಿಲ್ಲಿನ ಗುರಿಯ ಕೊನೆಯ ಕೂದಲೆಳೆಯಷ್ಟು ತಿದ್ದುಪಡಿ ಮಾತ್ರ ಕೈಯ ವಾಲುವಿಕೆಗೆ. ಬೇಡವೆಂದರೆ ಅದನ್ನೂ ನಿಲ್ಲಿಸಬಹುದು. ಅದರಲ್ಲೇ ಒಂದು ಒಗಟಿದೆ. ಹಲಗೆಯ ಮೇಲಿನ ಚಕ್ರವ್ಯೂಹದಲ್ಲಿ ಗುಂಡೊಂದನ್ನು, ಕೈಯ ಯಂತ್ರವನ್ನು ವಾಲಿಸಿ ವಾಲಿಸಿ, ಹೊರದಾರಿಗೆ ಉರುಳಿಸಬೇಕು. ಹಲವರು ಒದ್ದಾಡಿದರು. ಕೆಲವರಿಗೆ ಹೊಳೆಯಿತು, ಯಂತ್ರವನ್ನು ಪೂರ್ತಿ ಮಗುಚಿ ಹಿಡಿದರೆ? ಹಲಗೆಯೂ ಮಗುಚಿತು. ಅದರ ಬೆನ್ನು ನುಣ್ಣಗಿತ್ತು, ಗೋಡೆಯೇ ಇಲ್ಲ! ಗುಂಡು ಸಲೀಸಾಗಿ ಉರುಳಿಹೋಯಿತು. ಸಾಹಸದ ಆಟದ ಅಸಲಿ ಸುಖ ಇದೇ. ಕೈ ಮತ್ತು ತಲೆ ಒಟ್ಟಿಗೆ ಕೆಲಸ ಮಾಡಿದ ಕ್ಷಣ. ಒಂದು ಕೊರತೆಯನ್ನೂ ಹೇಳಲೇಬೇಕು. ಆ ಒಗಟಿಗೆ ಮಾತ್ರ ಗುಂಡಿಯ ದಾರಿಯನ್ನು ಅವರು ಇಟ್ಟಿಲ್ಲ.

ಹಾಗಾದರೆ ಅಂಗಡಿಗೆ ಹೋಗುವ ಮುನ್ನ ಏನು ನೋಡಬೇಕು? ಮೂರೇ ಪ್ರಶ್ನೆ ಸಾಕು. ಒಂದು, ಈ ಆಟದಲ್ಲಿ ಕೈ ಹೇಗೆ ಚಲಿಸಿತು ಎಂಬುದರಿಂದ ಫಲಿತಾಂಶ ಬದಲಾಗುತ್ತದೆಯೇ? ಇಲ್ಲವಾದರೆ ಆ ಬೀಸಾಟ ಬರೀ ಅಲಂಕಾರ. ಎರಡು, ಆಟ ಎಷ್ಟು ಗಂಟೆಯದು? ಇಡೀ ಬೇಸಿಗೆ ರಜೆ ನಡೆಯುವ ಆಟದಲ್ಲಿ ಪ್ರತಿ ಹೆಜ್ಜೆಗೂ ಕೈ ಬೀಸುವುದು ಆಯಾಸದ ಕೆಲಸ. ಮೂರು, ಬೇಡವೆಂದವರಿಗೆ ಬೇರೆ ದಾರಿ ಇಟ್ಟಿದ್ದಾರೆಯೇ? ಈ ಮೂರನೆಯದನ್ನು ನಿಮ್ಮ ಮಗುವಿಗೆ ಅಗತ್ಯವಿಲ್ಲದಿದ್ದರೂ ಕೇಳಿ. ರಜೆಯಲ್ಲಿ ನಿಮ್ಮ ಮನೆಗೆ ಬರುವ ಮಗುವಿಗೆ ಅಗತ್ಯವಿರಬಹುದು.

ಕೈ ಬೀಸಿದ ಮಾತ್ರಕ್ಕೆ ಕತ್ತಿಯಾಗುವುದಿಲ್ಲ. ಎತ್ತ ಬೀಸಬೇಕೆಂದು ಯೋಚಿಸಿದಾಗ ಆಗುತ್ತದೆ. ಆ ಯೋಚನೆ ಭುಜದಿಂದ ಹೊರಟರೂ ಸರಿ, ಹೆಬ್ಬೆರಳಿನಿಂದ ಹೊರಟರೂ ಸರಿ.

ನಿಮ್ಮ ಮನೆಯಲ್ಲಿ ಯಾವ ಆಟ ನಡೆಯುತ್ತಿದೆ, ಯಾರು ಆಡುತ್ತಿದ್ದಾರೆ, ಯಾರು ಪಕ್ಕದಲ್ಲಿ ಕುಳಿತು ನೋಡುತ್ತಿದ್ದಾರೆ, ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.